ನೆಲ ನೋಡಿ ಕಂಡ ಊರು

ಚನ್ನಬಸಪ್ಪನವರು ತಲೆ ಎತ್ತಿ ನಡೆದದ್ದನ್ನು ನಾನು ನೋಡಿಲ್ಲ. ಆರಡಿ ಆಳು, ಕಚ್ಚೆಪಂಚೆ, ಕರಿ ಕೋಟು, ರುಮಾಲು. ಇಷ್ಟೆಲ್ಲ ಇದ್ದೂ ಕಣ್ಣು ಮಾತ್ರ ನೆಲದ ಮೇಲೆ. ಎದುರಿಗೆ ಬಂದವರನ್ನು ಅವರು ಗುರುತಿಸುತ್ತಿದ್ದದ್ದು ಚಪ್ಪಲಿಯಿಂದ. "ಏನ್ರಿ ಮೇಷ್ಟ್ರೇ, ಉಂಗುಷ್ಠ ಹೊಲಿಸಿದ್ರಾ?" ಎಂದು ಕೇಳಿದ ಮೇಲೆಯೇ ಮುಖ ಮೇಲೆ ಬರುತ್ತಿತ್ತು. ಶಿಕಾರಿಪುರದ ಪೇಟೆಯಲ್ಲಿ ಕೆಲವರು ಅದನ್ನು ವಿನಯ ಎನ್ನುತ್ತಿದ್ದರು, ಕೆಲವರು ಜಂಬ ಎನ್ನುತ್ತಿದ್ದರು. ನಾನು ಕತ್ತುನೋವಿರಬೇಕು ಎಂದುಕೊಂಡಿದ್ದೆ.

ನಾನು ಸೊರಬ ತಾಲ್ಲೂಕಿನ ಹೊಸಬಾಳೆಯವನು. ಐವತ್ತರ ದಶಕದ ನಡುವಿನಲ್ಲಿ ಶಿಕಾರಿಪುರದ ಶಾಲೆಗೆ ಭೂಗೋಳದ ಮೇಷ್ಟ್ರಾಗಿ ಬಂದಾಗ ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದೆ. ಅವರದು ಮರದ ವ್ಯಾಪಾರ. ಸೊರಬದ ಕಾಡುಗಳಿಂದ ಬೂರುಗದಂಥ ಮೆತ್ತನೆಯ ಮರ ಕಡಿಸಿ ಬೆಂಕಿಕಡ್ಡಿ ಕಾರ್ಖಾನೆಗೆ ಕಳಿಸುತ್ತಿದ್ದರು. ಮರ ಆರಿಸುವುದನ್ನು ಕಲಿತು ಬರಲಿ ಎಂದು ಕಾರ್ಖಾನೆಯವರು ಒಮ್ಮೆ ಅವರನ್ನು ಮೂರು ತಿಂಗಳು ಸ್ವೀಡನ್ನಿನ ತಮ್ಮ ಮೂಲ ಕಾರ್ಖಾನೆಗೆ ಕಳಿಸಿದ್ದರು. ಅಂದಿನಿಂದ ಊರಿಗೆಲ್ಲ ಅವರು ಸ್ವೀಡನ್ ಚನ್ನಬಸಪ್ಪ. ಹೋದದ್ದು ರಾಜಧಾನಿಗಲ್ಲ, ಯೋನ್‌ಶೋಪಿಂಗ್ ಎಂಬ, ದೊಡ್ಡ ಸರೋವರದ ತುದಿಯಲ್ಲಿರುವ ಊರಿಗೆ. ಶಾಲೆಯ ಅಟ್ಲಾಸಿನಲ್ಲಿ ಭೂತಗನ್ನಡಿ ಹಿಡಿದು ಹುಡುಕಿದೆ, ಸಿಗಲಿಲ್ಲ.

"ಸಿಗಂಗಿಲ್ಲ ಬಿಡ್ರಿ," ಎಂದರು ಚನ್ನಬಸಪ್ಪನವರು. "ಆ ದೇಶ ನೋಡಾಕೆ ಬಂದೋರೂ ಅಲ್ಲಿ ಇಳಿಯಂಗಿಲ್ಲ. ರೈಲಿನ ಕಿಟಕೀಲೆ ನೋಡಿ ಮುಂದಕ್ಕೆ ಹೋಗ್ತಾರೆ."

ಇಂಥವರು ಮನೆಯಲ್ಲೇ ಇರುವಾಗ ಭೂಗೋಳದ ಮೇಷ್ಟ್ರು ಸುಮ್ಮನಿರುವುದುಂಟೇ? ಒಂದು ದಿನ ಅವರನ್ನು ತರಗತಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಮಕ್ಕಳು ಎಷ್ಟು ಅಂತಸ್ತಿನ ಮನೆಗಳು, ರಾಜನ ಅರಮನೆ ಹೇಗಿದೆ ಎಂದು ಕೇಳಿದರು. ಅವರು ತಬ್ಬಿಬ್ಬಾದರು. "ಮನಿ ಎತ್ತರ ನಾನು ನೋಡಲಿಲ್ಲಪ್ಪ. ಮೆಟ್ಲು ಹೇಳ್ತೀನಿ ಕೇಳ್ರಿ," ಎಂದು ಶುರು ಮಾಡಿದರು. ಪ್ರತಿ ಮನೆಯ ಹೊಸ್ತಿಲ ಮುಂದೆ ಬೂಟಿನ ಕೆಸರು ಹೆರೆಯಲು ಕಬ್ಬಿಣದ ಪಟ್ಟಿ ಇರುತ್ತದಂತೆ; ಅದು ಎಷ್ಟು ಸವೆದಿದೆ ಎನ್ನುವುದರ ಮೇಲೆ ಆ ಮನೆಗೆ ಎಷ್ಟು ಜನ ಬಂದುಹೋಗುತ್ತಾರೆಂದು ತಿಳಿಯುತ್ತದಂತೆ. ಬೀದಿಗೆ ಹಾಸಿದ ದುಂಡುಕಲ್ಲುಗಳಲ್ಲಿ ಸರೋವರದ ಕಡೆಯವು ನುಣುಪು, ಚರ್ಚಿನ ಕಡೆಯವು ಒರಟು. ಸೇತುವೆಯ ಕಂಬದ ಬುಡದಲ್ಲಿ ಹಸಿರು ಪಾಚಿಯ ಮೂರು ಗೆರೆ. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹೆಡ್‌ಮಾಸ್ತರು ನನ್ನನ್ನು ಪಕ್ಕಕ್ಕೆ ಕರೆದು, "ಇವರು ನಿಜವಾಗಿ ಹೋಗಿದ್ರೇನ್ರಿ?" ಎಂದು ಕೇಳಿದರು. ಅಂದು ನನಗೂ ಅನುಮಾನ ಹುಟ್ಟಿತ್ತು, ಸುಳ್ಳೇಕೆ ಹೇಳಲಿ.

ಆದರೆ ದಿನವೂ ಸಂಜೆ ಜಗಲಿಯಲ್ಲಿ ಕೇಳುತ್ತ ಕೇಳುತ್ತ ಆ ಊರು ನನ್ನೊಳಗೆ ಇಳಿಯಿತು. ಗಾಳಿ ಬೀಸಿದಾಗ ಸರೋವರ ಸಮುದ್ರದ ಹಾಗೆ ದಡಕ್ಕೆ ಬಡಿಯುವುದು, ರೊಟ್ಟಿ ಅಂಗಡಿಯ ನೆಲಮಾಳಿಗೆಯ ಕಿಂಡಿಯಿಂದ ಬೀದಿಗೆ ಬಿಸಿ ಹಬೆ ಬರುವುದು, ಆ ಕಿಂಡಿಯ ಬಳಿ ಬೆಕ್ಕುಗಳು ಸಾಲಾಗಿ ಮಲಗುವುದು. ಆ ಊರಿಗೆ ನಾನು ಈವರೆಗೂ ಹೋಗಿಲ್ಲ. ಆದರೂ ಕನಸಿನಲ್ಲಿ ಎಷ್ಟೋ ಸಲ ಅಲ್ಲಿ ನಡೆಯುತ್ತಿರುತ್ತೇನೆ, ಮುಂದೆ ಕರಿ ಕೋಟಿನ ಬೆನ್ನೊಂದು ಬಾಗಿ ಹೋಗುತ್ತಿರುತ್ತದೆ. ಕೂಗಿದರೆ ತಿರುಗುವುದಿಲ್ಲ. ಎಚ್ಚರವಾದ ಮೇಲೆ ತುಂಬ ಹೊತ್ತು ಭಯವಾಗುತ್ತದೆ.

ಒಮ್ಮೆ ಇಬ್ಬರೂ ಕುಬಟೂರಿನ ಹಳೆಯ ದೇವಸ್ಥಾನಕ್ಕೆ ಹೋಗಿದ್ದೆವು. ನಾನು ಮೇಷ್ಟ್ರ ಗತ್ತಿನಲ್ಲಿ ಗೋಪುರ, ಕಂಬ, ಚಾವಣಿಯ ಕೆತ್ತನೆ ತೋರಿಸುತ್ತಿದ್ದರೆ ಅವರು ಕಲ್ಲುಜಗಲಿಯ ಮೇಲೆ ಬಗ್ಗಿ ಕೂತಿದ್ದರು. ಯಾರೋ ಯಾವುದೋ ಕಾಲದಲ್ಲಿ ಹುಲಿ-ಕುರಿ ಆಟಕ್ಕೆ ಮನೆ ಕೊರೆದಿದ್ದರು. ನಾನು ಹತ್ತು ಸಲ ಹೋಗಿಯೂ ಕಂಡಿರಲಿಲ್ಲ. ಚನ್ನಬಸಪ್ಪನವರು ಆ ಗೆರೆಯ ಮೇಲೆ ಬೆರಳಾಡಿಸಿದರು. ಆಮೇಲೆ ಒಂದೊಂದು ಸಂದಿಗೂ ಬೆರಳು ತೂರಿಸಿ ನೋಡತೊಡಗಿದರು. ಏನು ಹುಡುಕುತ್ತೀರಿ ಎಂದು ಕೇಳಿದೆ. ಬೆಚ್ಚಿಬಿದ್ದು ಕೈ ಹಿಂದಕ್ಕೆಳೆದುಕೊಂಡು, "ರೂಢಿ ರೀ," ಎಂದರು.

ಅದರ ಅರ್ಥ ತಿಳಿದದ್ದು ಮುಂದೊಂದು ಬೆಳಿಗ್ಗೆ. ಅವರು ಕದ ಹಾಕಿಕೊಂಡು ಲಿಂಗಪೂಜೆಗೆ ಕೂರುತ್ತಿದ್ದರು. ಆ ಹೊತ್ತಿಗೆ ಹೆಂಡತಿ ಗೌರಮ್ಮನವರೂ ಒಳಗೆ ಹೋಗುತ್ತಿರಲಿಲ್ಲ. ಅಂದು ಅಗುಳಿ ಸರಿಯಾಗಿ ಬಿದ್ದಿರಲಿಲ್ಲವೋ ಏನೋ, ಪತ್ರಿಕೆ ಕೊಡಲು ಹೋದವನು ಕದ ಮುಟ್ಟಿದ್ದೇ ತಡ, ತೆರೆದುಕೊಂಡಿತು. ಎಡ ಅಂಗೈ ಎದೆಮಟ್ಟಕ್ಕೆ ಹಿಡಿದು ನೀರು ಎರೆಯುತ್ತಿದ್ದರು. ವಿಭೂತಿ ಹಚ್ಚಿ, ಬಿಲ್ವಪತ್ರೆ ಏರಿಸಿದರು. ಅಂಗೈಯಲ್ಲಿ ಲಿಂಗ ಇರಲಿಲ್ಲ.

ನಾನು ಓಡಿಬರಬೇಕಿತ್ತು, ನೋಡುತ್ತ ನಿಂತೆ. ಅವರು ಪೂಜೆ ಮುಗಿಸಿ, ನನ್ನನ್ನು ಒಳಗೆ ಕರೆದು ಕೂರಿಸಿ, ಕೊರಳಿನ ಬೆಳ್ಳಿ ಕರಡಿಗೆಯನ್ನು ಬಿಚ್ಚಿ ತೋರಿಸಿದರು. ಲಿಂಗ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ.

"ನಾನಿದ್ದ ಮನೆ ಮುದುಕಮ್ಮ ಹಲಗೆ ನೆಲ ತಿಕ್ಕಿ ತಿಕ್ಕಿ ಇಟ್ಟಿದ್ಲು ರೀ. ಪೂಜೆ ನೀರು ಬಿದ್ರೆ ಹಾಳಾಗತ್ತಲ್ಲ ಅಂತ ನಾನು ಹಿತ್ತಲ ನಲ್ಲಿ ಹತ್ರ ಹೋಗಿ ಮಾಡ್ತಿದ್ದೆ. ಎಲೆ ಉದುರೋ ಕಾಲ. ಒಂದಿನ ಚಳಿಗೆ ಬೆರಳು ಮರಗಟ್ಟಿದ್ವು. ಕರಡಿಗೆ ಕೊಕ್ಕೆ ಕೂತಿಲ್ಲ, ನನಗೆ ಗೊತ್ತಾಗಲಿಲ್ಲ. ಸಂಜಿಗೆ ಕಾರ್ಖಾನೆಯಿಂದ ಬಂದು ನೋಡ್ತೀನಿ, ಬಾಯಿ ತೆಗೆದೈತೆ."

ಮನೆಯಿಂದ ಕಾರ್ಖಾನೆಗೆ ಒಂದೂವರೆ ಮೈಲಿ. ಉಳಿದ ಏಳು ವಾರವೂ ಅವರು ಆ ದಾರಿಯನ್ನು, ಅದರ ಅಕ್ಕಪಕ್ಕದ ಓಣಿಗಳನ್ನು, ಚರಂಡಿಗಳನ್ನು ಹುಡುಕಿದ್ದರು.

"ಏನು ಕಳಕೊಂಡೆ ಅಂತ ಹೇಳಾಕೆ ನನಗೆ ಅವ್ರ ಭಾಷೆ ಬರಂಗಿಲ್ಲ. ಅವ್ರೂ ಕೇಳಲಿಲ್ಲ. ರೊಟ್ಟಿ ಅಂಗಡಿ ಹೆಂಗಸು ಪೊರಕೆ ತಂದು ಎಲೆ ಸರಿಸಿದ್ಲು. ಅಂಚೆಯವ ಸೈಕಲ್ ನಿಲ್ಲಿಸಿ ನನ್ನ ಜೋಡಿ ಮಂಡಿಯೂರಿದ. ಮುದುಕಮ್ಮ ಚರಂಡಿ ಕೆಸರು ಬಕೀಟಿಗೆ ತುಂಬಿ ಸೋಸಿ ಕೊಟ್ಲು. ಕೊನೇ ದಿನ ರೈಲಿನ ಹತ್ರ ಬಂದಿದ್ರು ನೋಡ್ರಿ ನಾಲ್ಕು ಜನ, ಅವ್ರೂ ಪ್ಲಾಟ್‌ಫಾರಂ ನೆಲಾನೇ ನೋಡ್ತಿದ್ರು. ಅಂಥಾ ಊರು ಅದು ಮೇಷ್ಟ್ರೇ. ಬರಿಗೈಲಿ ಕಳಿಸ್ತಿದೀವಲ್ಲ ಅಂತ ಅವ್ರಿಗೇ ನಾಚಿಕೆ."

ಮಠಕ್ಕೆ ಹೋಗಿ ಹೇಳಿದರೆ ಇನ್ನೊಂದು ಕಟ್ಟುತ್ತಾರಲ್ಲ ಎಂದೆ, ನನ್ನ ಜಾಣತನ ತೋರಿಸಲು. ಅವರು ಮೊದಲ ಬಾರಿಗೆ ನನ್ನ ಮುಖವನ್ನೇ ದಿಟ್ಟಿಸಿದರು.

"ಹುಟ್ಟಿದಾಗ ಕಟ್ಟಿದ್ದು ಅದು. ಅಲ್ಲಿ ಯಾವ್ದೋ ಕಲ್ಲಿನ ಸಂದೀಲಿ ಮಳೇಲಿ ಹಿಮದಾಗೆ ಬಿದ್ದೈತೆ. ಇನ್ನೊಂದು ಕಟ್ಟಿಸಿಕೊಂಡ್ರೆ ಅದನ್ನ ಅಲ್ಲೇ ಬಿಟ್ಟಂಗೆ ಆಗತ್ತೆ. ಗೌರಿಗೆ ಮಾತ್ರ ಹೇಳಬ್ಯಾಡ್ರಿ. ಲಿಂಗ ಇಲ್ಲದೋನಿಗೆ ಇಷ್ಟು ದಿನ ಉಣ್ಣಾಕಿಕ್ಕಿದೆ ಅಂತ ನೊಂದ್ಕೊತಾಳೆ."

ಅವರು ಮರ ಕಡಿಸುತ್ತಿದ್ದ ಕ್ಯಾಸನೂರು ಕಾಡಿನ ಕಡೆ ಮಂಗಗಳು ಸಾಯತೊಡಗಿದ್ದು ಆ ಹೊತ್ತಿಗೆ. ಬೆನ್ನಿಗೇ ಮನುಷ್ಯರಿಗೂ ಜ್ವರ ಬಂತು. ಕೂಲಿಯವರು ಕಾಡಿಗೆ ಕಾಲಿಡಲಿಲ್ಲ. ಚನ್ನಬಸಪ್ಪನವರು ಒಪ್ಪಿಕೊಂಡ ಮರಗಳಿಗೆ ಗುರುತು ಹಾಕಲು ಒಬ್ಬರೇ ಹೋದರು. ಬೇಡವೆಂದು ನಾನು ಗಟ್ಟಿಯಾಗಿ ಹೇಳಲಿಲ್ಲ. ಆ ಪಾಪ ನನಗಿದೆ. ವಾರ ಕಳೆಯುವಷ್ಟರಲ್ಲಿ ಮೈ ಕೆಂಡ, ಒಸಡಿನಲ್ಲಿ ರಕ್ತ.

ಕೊನೆಯ ಸಲ ಮಾತಾಡಿದ್ದು ಒಂದು ಮಧ್ಯಾಹ್ನ. ಗೌರಮ್ಮನವರು ಗಂಜಿ ತರಲು ಒಳಗೆ ಹೋಗಿದ್ದರು. ಚನ್ನಬಸಪ್ಪನವರು ನನ್ನ ಕೈ ಹಿಡಿದು, "ಮಣ್ಣಿಗೆ ಇಡುವಾಗ ಅಯ್ಯನೋರು ಕರಡಿಗೆ ಬಿಚ್ಚತಾರೆ. ಅದಕ್ಕೂ ಮುಂಚೆ ನೀವು ಅವ್ರ ಕಿವೀಲಿ ಹೇಳಿಬಿಡ್ರಿ. ನಾಲ್ಕು ಜನದ ಎದುರಿಗೆ ಗೌರಿ ತಲೆ ತಗ್ಗಿಸಬಾರದು," ಎಂದರು. ಹೇಳುತ್ತೇನೆಂದು ಮಾತು ಕೊಟ್ಟೆ.

ಹೇಳಲಿಲ್ಲ. ಮಣ್ಣು ಮಾಡುವ ದಿನ ಬೆಳಿಗ್ಗೆಯಿಂದ ಮಠದ ಅಯ್ಯನವರ ಹಿಂದೆ ಮುಂದೆ ಸುಳಿದೆನೇ ಹೊರತು ಬಾಯಿ ಏಳಲಿಲ್ಲ. ಚನ್ನಬಸಪ್ಪನವರನ್ನು ಅವರ ಹೊಲದ ಗುಣಿಯಲ್ಲಿ ವಿಭೂತಿ ಹಚ್ಚಿ ಕೂರಿಸಿದ್ದರು. ಎಡಗೈಯಲ್ಲಿ ಲಿಂಗ ಇಟ್ಟ ಮೇಲೆ ಮಣ್ಣು ಹಾಕುವುದು ಪದ್ಧತಿ. ಅಯ್ಯನವರು ಕರಡಿಗೆಗೆ ಕೈ ಹಾಕಿದರು.

"ತಡೀರಿ ಅಯ್ಯನೋರೆ," ಎಂದರು ಗೌರಮ್ಮ. "ಅದು ಖಾಲಿ ಐತೆ. ಪರದೇಶದಿಂದ ಬಂದ ದಿನದಿಂದ ಖಾಲಿ ಐತೆ. ಅವ್ರು ನಿದ್ದೆಯಾಗಿದ್ದಾಗ ಕೊಕ್ಕೆ ಬಿಚ್ಚಿತ್ತು, ನಾನು ನೋಡಿದ್ದೆ. ಅವ್ರಾಗೇ ಹೇಳಲಿ ಅಂತ ಸುಮ್ಮನಿದ್ದೆ."

ಜನ ಗುಸುಗುಟ್ಟಿದರು. ಗೌರಮ್ಮ ಸೆರಗಿನೊಳಗೆ ಕೈ ಹಾಕಿ ತಮ್ಮ ಕೊರಳ ದಾರ ಬಿಚ್ಚಿ, ತಮ್ಮ ಲಿಂಗವನ್ನು ಅಂಗೈಗೆ ತೆಗೆದುಕೊಂಡರು.

"ಏನ್ ಮಾಡ್ತೀಯವ್ವಾ, ಮೈಮೇಲಿಂದ ಅದನ್ನ ಅಗಲಿಸಬಾರದು," ಎಂದರು ಅಯ್ಯನವರು.

"ನನಗೆ ನಾಳೆ ನೀವು ಇನ್ನೊಂದು ಕಟ್ಟಬಹುದು," ಎಂದರು ಗೌರಮ್ಮ. "ಅವ್ರಿಗೆ ಕಟ್ಟಾಕೆ ಆಗಂಗಿಲ್ಲಲ್ಲ."

ಗುಣಿಯ ಅಂಚಿಗೆ ಕೂತು, ಬಗ್ಗಿ, ಅದನ್ನು ಅವರ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ಅಯ್ಯನವರು ಮೊದಲ ಹಿಡಿ ಮಣ್ಣು ಹಾಕಿದರು. ಮಣ್ಣು ಮುಚ್ಚುವವರೆಗೂ ಗೌರಮ್ಮ ಲಿಂಗವಿಲ್ಲದ ಕೊರಳಿನಲ್ಲಿ ಎಲ್ಲರೆದುರು ತಲೆ ಎತ್ತಿ ನಿಂತಿದ್ದರು.