ಮೊಣಕೈಯಲ್ಲಿ ಸಿಕ್ಕಿಕೊಂಡ ನರ

ಕಾಗದ ಜಾರಿತು.

ಕಡೂರಿನಲ್ಲಿ ನನ್ನದೊಂದು ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತೇನೆ. ಅಪ್ಪನಿಂದ ಕಲಿತ ಕೆಲಸ. ತಂತಿ ಕೂರಿಸುವ ಮೊದಲು, ಅದು ಕಬ್ಬಿಣಕ್ಕೆ ತಾಗದ ಹಾಗೆ, ಮೋಟಾರಿನ ಸಂದುಗಳಿಗೆ ದಪ್ಪ ಕಾಗದ ತುರುಕಬೇಕು. ಅವತ್ತು ಆ ಕಾಗದ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ನಿಲ್ಲಲೇ ಇಲ್ಲ. ಕಿರುಬೆರಳು ಜೋಮು ಹಿಡಿಯತೊಡಗಿ ತಿಂಗಳುಗಳೇ ಆಗಿದ್ದವು. ಕೈ ಕೊಡವಿಕೊಂಡು ಕೆಲಸ ಮಾಡುತ್ತಿದ್ದೆ.

ಬಲಗೈಯನ್ನು ಬೆಳಕಿಗೆ ಹಿಡಿದೆ. ಹೆಬ್ಬೆರಳಿನ ಪಕ್ಕದಲ್ಲಿ ಮಾಂಸ ಸೊರಗಿ ಗುಳಿ ಬಿದ್ದಿತ್ತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ನರ ಹೇಗೆ ಕೆಲಸ ಮಾಡುತ್ತಿದೆ ಎಂದು ನೋಡುವ ನರ್ವ್ ಕಂಡಕ್ಷನ್ ಟೆಸ್ಟ್ ಆಯಿತು. ಸಣ್ಣ ಸಣ್ಣ ಶಾಕ್. ಕರೆಂಟಿನ ಜೊತೆಗೇ ಬೆಳೆದವಳು ನಾನು, ಹೆದರಲಿಲ್ಲ. ಹೆದರಿಸಿದ್ದು ಡಾಕ್ಟರ್ ಮಾತು.

"ಕಿರುಬೆರಳು, ಉಂಗುರಬೆರಳಿಗೆ ಹೋಗೋ ನಿಮ್ಮ ಅಲ್ನಾರ್ ನರ ಮೊಣಕೈ ಹತ್ರ ಒತ್ತಿಕೊಂಡಿದೆ. ಅಂಗೈಯ ಸಣ್ಣ ಸ್ನಾಯುಗಳಲ್ಲಿ ಹೆಚ್ಚಿನವು ಅದರಿಂದಲೇ ನಡೆಯೋದು. ಬೆರಳು ಅಗಲಿಸೋದು, ಕೂಡಿಸೋದು, ಬಿಗಿಯಾಗಿ ಚಿಮುಟಿ ಹಿಡಿಯೋದು, ಎಲ್ಲ. ಆಪರೇಷನ್ ಮಾಡಿ ನರ ಸರಿಸ್ತೀವಿ. ಸೊರಗಿದ ಸ್ನಾಯು ಪೂರ್ತಿ ಬರುತ್ತೆ ಅಂತ ಹೇಳೋಕಾಗಲ್ಲ."

"ಎಷ್ಟು ಬತ್ತದೋ ಅಷ್ಟು ಬರ್ಲಿ, ಮಾಡಿ ಡಾಕ್ಟ್ರೇ," ಎಂದೆ.

ಇಪ್ಪತ್ತು ವರ್ಷ ಅಂಗಡಿಯ ಮೇಜಿನ ಮೇಲೆ ಮೊಣಕೈ ಊರಿ ಕೂತಿದ್ದೆ. ನನಗೆ ಅನ್ನ ಕೊಟ್ಟ ಮೇಜೇ ನನ್ನ ಕೈ ತಿಂದಿತ್ತು ಎಂದು ತಿಳಿದಾಗ ಅಳು ಬರಲಿಲ್ಲ, ಸಿಟ್ಟು ಬಂತು.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ನನ್ನ ಗಂಡ ಮೆಲ್ಲಗೆ ಮಾತು ತೆಗೆದರು. "ಸಾಕು ಬಿಡೇ. ಅಂಗಡಿನ ಯಾರಿಗಾರ ಕೊಟ್ಬಿಡಾಣ. ನೀನು ಆರಾಮಾಗಿರು."

"ಸೋತಿರೋದು ಎರಡು ಬೆರಳು ಕಣ್ರೀ. ನಾನಲ್ಲ."

 ಅವರು ಅನ್ನ ಕಲಸಿಕೊಡಲು ಬಂದರೆ ತಟ್ಟೆ ಎಳೆದುಕೊಳ್ಳುತ್ತಿದ್ದೆ. ಚೆಲ್ಲಿಕೊಂಡೇ ತಿಂದೆ. ಬೆರಳುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಅಗಲಿಸು ಎಂದು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಿದ್ದಳು. ವಾರಗಟ್ಟಲೆ ಕಿರುಬೆರಳು ಅಲುಗಲೇ ಇಲ್ಲ. ಒಂದು ದಿನ ಬಚ್ಚಲಲ್ಲಿ ಕೂತು ಅದನ್ನು ಬಾಯಿಗೆ ಬಂದಂತೆ ಬೈದೆ. ಆಮೇಲೆ ರಬ್ಬರ್ ಬ್ಯಾಂಡ್ ಹುಡುಕಿ ಮತ್ತೆ ಹಾಕಿಕೊಂಡೆ.

ಐದನೇ ತಿಂಗಳು ಅಂಗಡಿ ತೆರೆದೆ. ಅಜ್ಜಂಪುರದಿಂದ ಮೋಟಾರ್ ತಂದ ರೈತನೊಬ್ಬ ನನ್ನ ಕೈ ನೋಡಿ ಅನುಮಾನಿಸಿದ.

"ಅಕ್ಕಾ, ನಿಮ್ ಕೈಲಿ ಆಯ್ತದಾ? ಬ್ಯಾರೆ ಕಡೆ ತಗಂಡೋಗ್ಲಾ?"

"ಇಟ್ಟೋಗಪ್ಪ. ನಾಕು ದಿನ ಕೊಡು."

ಮೊದಲಾದರೆ ಒಂದೂವರೆ ದಿನದ ಕೆಲಸ. ಮೊಣಕೈ ಕೆಳಗೆ ಸ್ಪಂಜು ಹಾಕಿಕೊಂಡೆ. ಕಾಗದವನ್ನು ಎಡಗೈಯಲ್ಲಿ ಹಿಡಿದು, ಬಿದಿರಿನ ಚಕ್ಕೆಯಿಂದ ಒತ್ತಿದೆ. ಎರಡು ಸಲ ಸುತ್ತು ತಪ್ಪಿತು. ಬಿಚ್ಚಿ ಮತ್ತೆ ಸುತ್ತಿದೆ. ನಾಲ್ಕನೇ ದಿನ ಅವನೆದುರೇ ಸ್ವಿಚ್ ಒತ್ತಿ, ಮೋಟಾರಿನ ಮೈಮೇಲೆ ಅಂಗೈ ಇಟ್ಟೆ. ಒಳಗೆ ಅದುರು ಹೆಚ್ಚಿದ್ದರೆ ಕೈಗೆ ಗೊತ್ತಾಗುತ್ತದೆ. ಹದವಾಗಿ ತಿರುಗುತ್ತಿತ್ತು.

ಆ ಅದುರು ಕಿರುಬೆರಳಿಗೂ ತಾಗಿತು.

ತುಂಬ ಸಣ್ಣಗೆ, ದಪ್ಪ ಬಟ್ಟೆಯ ಆಚೆಯಿಂದ ಮುಟ್ಟಿದ ಹಾಗೆ. ಎಲ್ಲಿ ಹೋಗಿಬಿಡುತ್ತದೋ ಎಂದು ಕೈ ತೆಗೆಯಲಿಲ್ಲ.

"ಸರಿಯಾಗೈತಾ ಅಕ್ಕಾ?" ಎಂದ ರೈತ.

"ಮೋಟಾರ್ ಸರಿಯಾಗೈತೆ, ತಗಂಡೋಗು," ಎಂದೆ. "ಕೈ ಇನ್ನೂ ಆಗ್ತಾ ಐತೆ."