ಪದ್ಮನಾಭನಗರದ ಖಾಲಿ ಮನೆ

ಫ್ರೆಂಡ್ಸ್, ಇವತ್ತು ನನ್ನ ಮೇಲೆ ನನಗೇ ನಾಚಿಕೆಯಾಗುತ್ತಿದೆ.

ನಮ್ಮ ಕ್ಲಿನಿಕ್ಕಿನ ಫಿಸಿಯೋಥೆರಪಿಸ್ಟ್ ಲಿಂಥೋಯ್ ಮಣಿಪುರದವಳು. ಕನ್ನಡ ಬರುವುದಿಲ್ಲವೆಂದು, ಬಾಡಿಗೆ ಮನೆ ನೋಡಲು ಬೆಳಿಗ್ಗೆ ನನ್ನನ್ನೂ ಪದ್ಮನಾಭನಗರಕ್ಕೆ ಕರೆದುಕೊಂಡು ಹೋದಳು. ಮನೆ ನನಗೇ ಬೇಕೆಂದುಕೊಂಡ ಓನರ್ ಆಂಟಿ ಮಹಡಿಗೆ ಕರೆದೊಯ್ದು, ಬಾಲ್ಕನಿಯ ಗಾಳಿಯವರೆಗೆ ಎಲ್ಲವನ್ನೂ ಹೊಗಳಿದರು.

"ಮನೆ ಬೇಕಾಗಿರೋದು ಇವರಿಗೆ, ಆಂಟಿ" ಎಂದೆ.

ಅವರು ಲಿಂಥೋಯ್‌ಳನ್ನು ಒಮ್ಮೆ ನೋಡಿ, ನನ್ನ ಕಡೆ ತಿರುಗಿದರು. "ಬೇಜಾರು ಮಾಡ್ಕೋಬೇಡಮ್ಮ. ಈ ಚೈನಾದವರ ಥರ ಇರೋರಿಗೆ ನಾವು ಕೊಡಲ್ಲ. ಏನೇನೋ ಬೇಯಿಸ್ತಾರೆ, ಯಾರ್ಯಾರೋ ಬಂದು ಹೋಗ್ತಾರೆ. ನಿನಗೆ ಬೇಕಾದ್ರೆ ಹೇಳು, ಇವತ್ತೇ ಕೀ ಕೊಡ್ತೀನಿ."

ಹೇಳಲು ಎಷ್ಟೋ ಮಾತುಗಳಿದ್ದವು. ನನ್ನ ಬಾಯಿಂದ ಬಂದದ್ದು "ಆಯ್ತು ಆಂಟಿ, ಥ್ಯಾಂಕ್ಸ್" ಎಂಬುದಷ್ಟೇ.

ರಸ್ತೆಗೆ ಬಂದ ಮೇಲೆ ಲಿಂಥೋಯ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ: "ಅವರ ಕಡೆಯವರು ಯಾರೋ ಬರ್ತಿದ್ದಾರಂತೆ. ಅದಕ್ಕೇ ಕೊಡೋಕಾಗಲ್ಲವಂತೆ."

"ಯಾರು ಬರ್ತಾರಂತೆ?" ಎಂದು ಕೇಳಿದಳು. "ಹೋದ ವಾರ ನೋಡಿದ ಮನೆಗೆ ಓನರ್ ಅತ್ತಿಗೆ ಬರ್ತಿದ್ರು. ಅದಕ್ಕೂ ಮೊದಲಿನ ಮನೆಗೆ ಅಣ್ಣನ ಮಗ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಉತ್ತರಕ್ಕೆ ಕಾಯುತ್ತಾ ನನ್ನ ಮುಖವನ್ನೇ ನೋಡುತ್ತಿದ್ದಳು. ಆಗಲಾದರೂ ನಿಜ ಹೇಳಬಹುದಿತ್ತು.

"ತಂಗಿ" ಎಂದೆ.

"ಓಕೆ" ಎಂದು ನನ್ನ ಬೆನ್ನು ತಟ್ಟಿದಳು. ಸಮಾಧಾನ ಮಾಡಿದ್ದು ಅವಳು, ಮಾಡಿಸಿಕೊಂಡಿದ್ದು ನಾನು.

ಆಂಟಿಯಾದರೂ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಿದ್ದರು. ಅವರಿಗೊಬ್ಬ ತಂಗಿಯನ್ನು ಹುಟ್ಟಿಸಿ ಆ ಮನೆಯಲ್ಲಿ ಬಾಡಿಗೆಗಿಟ್ಟವಳು ನಾನು.