1019ರ ಬೆನ್ನು ಹತ್ತಿ

ಯಾದಗಿರಿಯ ಆ ಪರೀಕ್ಷೆ ನನ್ನ ಪಾಲಿಗೆ ಕೊನೆಯದು. ಗಣಿತ ಉಪನ್ಯಾಸಕಿಯ ಹುದ್ದೆಗೆ ನನ್ನ ವಯಸ್ಸಿನ ಮಿತಿ ಆ ವರ್ಷಕ್ಕೆ ಮುಗಿಯುತ್ತಿತ್ತು. ಶಹಾಪುರದ ಕಡೆಯ ನಮ್ಮ ಊರಿನಿಂದ ಅಪ್ಪ ಜೊತೆಗೆ ಬಂದು ಗೇಟಿನ ಹೊರಗೆ ಬೇವಿನ ನೆರಳಲ್ಲಿ ಕೂತಿದ್ದ.

ಮೊದಲ ಪ್ರಶ್ನೆಯೇ ನನಗೆ ಇಷ್ಟವಾದ ಪಾಠದಿಂದ ಬಂದಿತ್ತು. 1009 ಮತ್ತು 1019 ಅವಿಭಾಜ್ಯ ಸಂಖ್ಯೆಗಳು. ಇವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಿರಿ, ಆಗದಿದ್ದರೆ ಕಾರಣ ಕೊಡಿ. 1009 ಸಲೀಸಾಗಿ ಒಡೆಯಿತು: 28ರ ವರ್ಗ, 15ರ ವರ್ಗ. 1019 ಜಪ್ಪಯ್ಯ ಅಂದರೂ ಒಡೆಯಲಿಲ್ಲ. 31ರ ವರ್ಗ ಕಳೆದರೆ 58 ಉಳಿಯಿತು, 30ರದು ಕಳೆದರೆ 119. 27ರದು ಕಳೆದಾಗ 290. ಅದು 289 ಆಗಿದ್ದರೆ 17ರ ವರ್ಗ. ಒಂದೇ ಒಂದು ಹೆಚ್ಚು! ಕಳೆಯುವಾಗ ನಾನೇ ಎಲ್ಲೋ ತಪ್ಪಿದ್ದೇನೆಂದು ಮೇಲಿನಿಂದ ಮತ್ತೆ ಶುರು ಮಾಡಿದೆ.

ಇದು ನಮ್ಮ ಮನೆತನದ ರೋಗ. ನಮ್ಮ ಹೊಲ ಕಾಲುವೆಯ ತೀರಾ ಕೊನೆಗಿದೆ. ನೀರು ಬಿಟ್ಟ ಸುದ್ದಿ ಬಂದ ಕೂಡಲೇ ಅಪ್ಪ ಸಲಿಕೆ ಹಿಡಿದು ಕಾಲುವೆಗುಂಟ ಮೇಲಕ್ಕೆ ಹೊರಡುತ್ತಿದ್ದ, ಹಿಂದೆ ನಾನು. ಕಸ ತೆಗೆ, ಹೂಳು ತೆಗೆ, ಕಲ್ಲು ಸರಿಸು. "ಬಿಟ್ಟಾರಂದ್ರ ಬರಬೇಕು. ಎಲ್ಯಾರ ತಡದಿರ್ತದ" ಎನ್ನುತ್ತಿದ್ದ. ಮೇಲಿನ ಭತ್ತದ ಗದ್ದೆಗಳಲ್ಲೇ ನೀರು ಮುಗಿದುಹೋಗಿದೆ ಎಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ವರ್ಗಗಳ ಪಟ್ಟಿಯನ್ನೇ ಒಂದರಿಂದ ಹೊಸದಾಗಿ ಬರೆದೆ. ಮುಂದಿನ ಪ್ರಶ್ನೆ ಓದಿದರೂ ತಲೆಗೆ ಹತ್ತದೆ ಮತ್ತೆ 290ಕ್ಕೇ ಬಂದು ನಿಲ್ಲುತ್ತಿದ್ದೆ. ಗಂಟೆ ಹೊಡೆದಾಗ ಅರ್ಧಕ್ಕಿಂತ ಹೆಚ್ಚು ಪತ್ರಿಕೆ ಖಾಲಿ ಇತ್ತು.

ವಾಪಸು ಬಸ್ಸಿನಲ್ಲಿ ಕಾರಣ ತಾನಾಗಿ ನೆನಪಾಯಿತು. ಯಾವ ವರ್ಗವನ್ನೇ ಆಗಲಿ ನಾಲ್ಕರಿಂದ ಭಾಗಿಸಿದರೆ ಉಳಿಯುವುದು ಸೊನ್ನೆ, ಇಲ್ಲವೇ ಒಂದು. ಅಂಥ ಎರಡನ್ನು ಕೂಡಿಸಿದರೆ ಶೇಷ ಮೂರಾಗುವುದು ಸಾಧ್ಯವೇ ಇಲ್ಲ. 1019ಕ್ಕೆ ಶೇಷ ಮೂರು. ಟ್ಯೂಷನ್ನಿನ ಮಕ್ಕಳಿಗೆ ಇದನ್ನೇ ನಾನು ಎಷ್ಟು ಸಲ ಹೇಳಿಕೊಟ್ಟಿದ್ದೆ. ಬದುಕೇ ಬೇಡವೆನಿಸಿತು.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಇಲ್ಲದ್ದನ್ನು ಮೂರು ತಾಸು ಹುಡುಕಿದೆ, ಆಗುವುದಿಲ್ಲ ಎಂದು ಎರಡು ಸಾಲು ಬರೆದಿದ್ದರೆ ಸಾಕಿತ್ತು ಎಂದೆ.

"ಆಗಂಗಿಲ್ಲ ಅಂತ ಬರದ್ರೂ ಮಾರ್ಕ್ಸ್ ಕೊಡ್ತಾರೇನವ್ವಾ?"

"ಪೂರಾ ಕೊಡ್ತಾರಪ್ಪಾ."

ಅವನು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. "ಅದೊಂದು ನಾ ನಿನಗ ಕಲಿಸಲೇ ಇಲ್ಲ" ಎಂದ.